ಅರ್ಥ ಹೇಳದ ನಾಲ್ಕು ಪದ

ಜಪಾನಿನ ವಾಕೋದಲ್ಲಿ ನಾನು ಪೋಸ್ಟ್‌ಡಾಕ್ ಸಂಶೋಧನೆ ಮಾಡುತ್ತಿದ್ದಾಗ ನಮ್ಮ ಪೇಪರುಗಳ ಇಂಗ್ಲಿಷ್ ತಿದ್ದಿಕೊಡಲು ಆಸ್ಟ್ರೇಲಿಯಾದ ಹೆಂಗಸೊಬ್ಬರು ಬರುತ್ತಿದ್ದರು. ಅರವತ್ತರ ಹತ್ತಿರದ ವಯಸ್ಸು. ಒಂದು ದಿನ ನನ್ನ ವಾಕ್ಯವೊಂದರ ಕೆಳಗೆ ಗೆರೆ ಎಳೆದು, "ಇದು ವಿಜ್ಞಾನ ಅಲ್ಲ, ಕವಿತೆ. ತೆಗೆದುಹಾಕು. ಆದರೆ ಶನಿವಾರ ಲೈಬ್ರರಿಗೆ ಬಾ," ಅಂದರು.

ಹೋದೆ. ಲೈಬ್ರರಿಯ ಮಹಡಿ ಮೇಲಿನ ಚಿಕ್ಕ ಕೋಣೆಯಲ್ಲಿ ನಾವು ಮೂರೇ ಜನ. ಮೂರನೆಯವರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದ ಜಪಾನಿ ಮೇಷ್ಟ್ರು. ಅವರನ್ನು ಸೆನ್ಸೇ ಎಂದೇ ಕರೆಯುತ್ತಿದ್ದೆವು. ಆಸ್ಟ್ರೇಲಿಯಾದಲ್ಲಿ ಹೊಸದಾಗಿ ಬಂದ ಕತೆ, ಕವಿತೆಗಳನ್ನು ಆಕೆ ತರುತ್ತಿದ್ದರು. ಒಬ್ಬರು ಓದುವುದು, ಉಳಿದಿಬ್ಬರು ಜಗಳ ಆಡುವುದು. ನಿರಾಶ್ರಿತರಾಗಿ ದೋಣಿಯಲ್ಲಿ ಅಲ್ಲಿಗೆ ಬಂದಿಳಿದವರ ಮಕ್ಕಳು ಬರೆದ ಕತೆಗಳೆಂದರೆ ನನಗೆ ಪ್ರಾಣ. ಸೆನ್ಸೇಗೆ ಸಮುದ್ರದ ಕವಿತೆ ಇದ್ದರೆ ಸಾಕು.

ಒಂದು ಶನಿವಾರ ಆಸ್ಟ್ರೇಲಿಯಾದ ಮೂಲನಿವಾಸಿ ಕವಯಿತ್ರಿಯೊಬ್ಬರ ಕವಿತೆ ಓದಿದೆವು. ಇಂಗ್ಲಿಷಿನ ನಡುವೆ ಅವರ ಭಾಷೆಯ ನಾಲ್ಕು ಪದಗಳಿದ್ದವು. ಕೆಳಗೆ ಅರ್ಥ ಕೊಟ್ಟಿರಲಿಲ್ಲ. ಸೆನ್ಸೇ ಹಾಳೆ ತಿರುಗಿಸಿ ಹುಡುಕಿದರು. "ಸುಮಿಮಾಸೆನ್, ಕ್ಷಮಿಸಿ, ಓದುವವರ ಗತಿ ಏನು?"

"ಈ ಕವಯಿತ್ರಿಯ ಅಜ್ಜಿ ಶಾಲೆಯಲ್ಲಿ ಆ ಭಾಷೆ ಆಡಿದರೆ ಏಟು ಬೀಳುತ್ತಿತ್ತು," ಅಂದರು ಆಕೆ. "ಮೊಮ್ಮಗಳು ಕಷ್ಟಪಟ್ಟು ಕಲಿತಿದ್ದಾಳೆ. ಅರ್ಥ ಕೇಳೋಕೆ ನಾನ್ಯಾರು?"

ನಾನು ಆ ನಾಲ್ಕು ಪದಗಳನ್ನೇ ಮತ್ತೆ ಮತ್ತೆ ನೋಡಿದೆ. ನನ್ನ ಭಾಷೆಯನ್ನು ಯಾರೂ ಕಿತ್ತುಕೊಂಡಿರಲಿಲ್ಲ. ನಾನೇ ಎಲ್ಲೋ ಇಟ್ಟು ಮರೆತಿದ್ದೆ. ಟೋಕಿಯೋದಲ್ಲಿ ಭಾರತೀಯರು ಹೆಚ್ಚಿರುವ ನಿಶಿ ಕಸಾಯಿಗೆ ದಿನಸಿ ತರಲು ಹೋದಾಗ ಕನ್ನಡದವರು ಸಿಗುತ್ತಿದ್ದರು. ತೊಗರಿಬೇಳೆ, ವೀಸಾ, ಮಕ್ಕಳ ಸ್ಕೂಲು, ಅಷ್ಟಕ್ಕೇ ಮಾತು ಮುಗಿಯುತ್ತಿತ್ತು.

ಆಕೆ ನನ್ನ ಮುಖ ನೋಡಿರಬೇಕು. "ಮುಂದಿನ ವಾರ ನಿನ್ನ ಭಾಷೆಯಲ್ಲೇ ಬರೆದು ತಾ. ಅರ್ಥ ಹೇಳಬೇಡ."

ಕಾಲೇಜು ಬಿಟ್ಟಮೇಲೆ ಕನ್ನಡದಲ್ಲಿ ಒಂದು ಸಾಲೂ ಬರೆದಿರಲಿಲ್ಲ. ಆ ವಾರ ರೈಲಿನಲ್ಲಿ, ಕೊಂಬಿನಿ ಅಂಗಡಿಯ ಕ್ಯೂನಲ್ಲಿ ಫೋನಿನ ಮೇಲೆ ಬರೆದು ಬರೆದು ಅಳಿಸಿದೆ. ಕೊನೆಗೆ ಹನ್ನೊಂದು ಸಾಲು ಉಳಿದವು: ಬಳ್ಳಾರಿಯ ನಮ್ಮ ಮನೆ ಮಾಳಿಗೆ ಮೇಲೆ ನಿಂತು ಅಕ್ಕ ನನ್ನನ್ನು ಕೂಗಿ ಕರೆಯುವುದು. ಅಕ್ಕ ತೀರಿಕೊಂಡಾಗ ನಾನು ಜಪಾನಿನಲ್ಲಿದ್ದೆ. ಹೋಗಲಾಗಿರಲಿಲ್ಲ.

ಓದಿದೆ. ಸೆನ್ಸೇ ಕಣ್ಣು ಮುಚ್ಚಿಕೊಂಡು, "ಇನ್ನೊಮ್ಮೆ," ಅಂದರು. ಮತ್ತೆ ಓದಿದೆ. "ಯಾರೋ ಯಾರನ್ನೋ ಕರೆಯುತ್ತಿದ್ದಾರೆ. ಅಲ್ಲವಾ?" ಎಂದರು. ತಲೆಯಾಡಿಸಿದೆ, ಅಷ್ಟೇ. ಆಕೆ ಮೇಜಿನ ಮೇಲಿದ್ದ ನನ್ನ ಕೈಯನ್ನು ಹಿಡಿದುಕೊಂಡರು. ಅಕ್ಕ ಹೋದಮೇಲೆ ನಾನು ಮನಸಾರೆ ಅತ್ತಿದ್ದು ಅವತ್ತೇ.

ಚಳಿಗಾಲಕ್ಕೆ ಆಕೆಯ ಕೆಲಸದ ಅವಧಿ ಮುಗಿಯಿತು, ತಮ್ಮ ಊರು ಪರ್ತ್‌ಗೆ ಹೊರಟುಹೋದರು. ಸೆನ್ಸೇ ಮತ್ತು ನಾನು ಇನ್ನೆರಡು ಶನಿವಾರ ಕೂತೆವು. ಜಗಳ ಹತ್ತಲಿಲ್ಲ. ಆಮೇಲೆ ನನಗೆ ದೂರದ ಒಕಾಜಾಕಿಯಲ್ಲಿ ಕೆಲಸ ಸಿಕ್ಕಿತು.

ಈಗ ತಿಂಗಳಿಗೊಮ್ಮೆ ಆಕೆ ವಿಡಿಯೋ ಕಾಲ್ ಮಾಡಿ ಹೊಸ ಕವಿತೆ ಓದುತ್ತಾರೆ. ಅವರ ಅಂಗಳದ ಹಕ್ಕಿಗಳ ಗಲಾಟೆಯಲ್ಲಿ ಅರ್ಧ ಕೇಳಿಸುವುದಿಲ್ಲ. "ಬಂದುಬಿಡು, ಇಲ್ಲೇ ಕೂತು ಓದೋಣ," ಅನ್ನುತ್ತಾರೆ. ಬರುತ್ತೇನೆ ಅನ್ನುತ್ತೇನೆ. ಫೋನ್ ಇಟ್ಟಮೇಲೆ ತುಂಬಾ ಹೊತ್ತು, ನಾನು ಒಮ್ಮೆಯೂ ಕಾಲಿಡದ ಆ ಊರಿನ ನೆನಪು ಕಾಡುತ್ತದೆ.