ಇಸ್ತ್ರಿ ಅಕ್ಕನ ನಿಲ್ಲದ ಪೆನ್ನು

ಬೀದಿ ದೀಪ ಇನ್ನೂ ಆರಿಲ್ಲ. ಅರ್ಧ ಎತ್ತಿದ ಶಟರ್‌ನ ಒಳಗೆ ಇಸ್ತ್ರಿ ಅಕ್ಕ ಕೆಂಡಕ್ಕೆ ಗಾಳಿ ಹಾಕುತ್ತಿದ್ದಾರೆ. ಇಸ್ತ್ರಿಪೆಟ್ಟಿಗೆ ಕಾಯುವಷ್ಟರಲ್ಲಿ ಮೆಟ್ಟಿಲಿಗೆ ಕೋಲು ತಟ್ಟಿದ ಸದ್ದಾಗುತ್ತದೆ. ‘ಗುಬ್ಬಿ ಬಂತು’ ಎನ್ನುತ್ತಾರೆ ಅಕ್ಕ, ತಲೆ ಎತ್ತದೆ. ಬಂದವಳು ಪಕ್ಕದ ಬೀದಿಯ ಬಸ್ ಚಾಲಕನ ಮಗಳು. ಹೈಸ್ಕೂಲಿನ ಕೊನೆಯ ವರ್ಷ. ಹುಟ್ಟಿದಾಗಿನಿಂದ ಕಣ್ಣು ಕಾಣದು; ಬಾಯಿ ಮಾತ್ರ ಒಂದು ಗಳಿಗೆಯೂ ಸುಮ್ಮನಿರದು. ಆ ಹೆಸರು ಅಕ್ಕನೇ ಇಟ್ಟಿದ್ದು, ಈಗ ಮನೆಯವರೂ ಹಾಗೇ ಕರೆಯುತ್ತಾರೆ.

ಗುಬ್ಬಿ ಸ್ಟೂಲಿನ ಮೇಲೆ ಕೂರುತ್ತಾಳೆ. ಅಕ್ಕನ ಬಲಗೈಯಲ್ಲಿ ಇಸ್ತ್ರಿಪೆಟ್ಟಿಗೆ, ಎದುರಿಗೆ ಡಬ್ಬಿಗೆ ಒರಗಿಸಿ ನಿಲ್ಲಿಸಿದ ಇಂಗ್ಲಿಷ್ ಪಠ್ಯಪುಸ್ತಕ. ಅಂಗಿಯ ಕಾಲರ್ ಮೇಲೆ ಪೆಟ್ಟಿಗೆ ಓಡುತ್ತದೆ, ಪುಟದ ಮೇಲೆ ಕಣ್ಣು ಓಡುತ್ತದೆ, ಬಾಯಿ ಗಟ್ಟಿಯಾಗಿ ಓದುತ್ತದೆ. ಪುಟ ಮುಗಿದಾಗ ಪೆಟ್ಟಿಗೆಯನ್ನು ಎತ್ತಿಟ್ಟು, ಕೈಯನ್ನು ಸೀರೆಗೆ ಒರೆಸಿಕೊಂಡು, ಹಾಳೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಚೆನ್ನಾಗಿ ಉಜ್ಜಿ ನೋಡುತ್ತಾರೆ. ಆಮೇಲಷ್ಟೇ ಮಗುಚುತ್ತಾರೆ. ಪ್ರತಿ ಹಾಳೆಗೂ ಇದೇ ಉಪಚಾರ.

ಇಂಗ್ಲಿಷ್ ಪರೀಕ್ಷೆಗೆ ಇನ್ನು ಕೆಲವೇ ದಿನ ಉಳಿದಿವೆ. ಬೇರೆ ವಿಷಯಗಳು ಗುಬ್ಬಿಗೆ ನೀರು ಕುಡಿದಷ್ಟು ಸುಲಭ, ಇಂಗ್ಲಿಷ್ ಒಂದು ಮಾತ್ರ ಕಬ್ಬಿಣದ ಕಡಲೆ. ಬರಬೇಕಿದ್ದ ಬ್ರೈಲ್ ಪುಸ್ತಕ ವರ್ಷ ಮುಗಿಯುತ್ತ ಬಂದರೂ ಬಂದಿಲ್ಲ. ಹೀಗಾಗಿ ಅಕ್ಕನ ಬಾಯೇ ಅವಳ ಪುಸ್ತಕ. ಪಾಸಾದರೆ ಹಾಸ್ಟೆಲ್ ಇರುವ ಕಾಲೇಜಿಗೆ ಕಳಿಸುತ್ತೇನೆ, ಇಲ್ಲದಿದ್ದರೆ ಮನೆಯಲ್ಲೇ ಇರು ಎಂದು ಅಪ್ಪ ಹೇಳಿಬಿಟ್ಟಿದ್ದಾರೆ. ಅವರದು ಗದರಿಕೆಯ ಮಾತಲ್ಲ, ದಣಿದವರ ಮಾತು. ಅದಕ್ಕೇ ಗುಬ್ಬಿಗೆ ಹೆಚ್ಚು ಭಯ.

ಓದಿಸುವುದು ಅಕ್ಕನ ಅರ್ಧ ಕೆಲಸ. ಇನ್ನರ್ಧ ಇರುವುದು ಪರೀಕ್ಷಾ ಕೊಠಡಿಯಲ್ಲಿ. ಕಣ್ಣು ಕಾಣದ, ಕೈ ಸ್ವಾಧೀನವಿಲ್ಲದ ಮಕ್ಕಳ ಪಕ್ಕ ಕೂತು, ಪ್ರಶ್ನೆ ಓದಿ ಹೇಳಿ, ಅವರು ಹೇಳಿದ ಉತ್ತರವನ್ನು ಬರೆದುಕೊಡುವವರನ್ನು ಲಿಪಿಕಾರರು ಎನ್ನುತ್ತಾರೆ. ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು. ತಪ್ಪಿದ್ದರೆ ತಪ್ಪನ್ನೇ ಬರೆಯಬೇಕು. ಕೆಮ್ಮುವಂತಿಲ್ಲ, ಹೂಂಗುಟ್ಟುವಂತಿಲ್ಲ. ಇನ್ನೂ ಒಂದು ನಿಯಮವಿದೆ: ಬರೆಯುವವರು ಮಕ್ಕಳಿಗಿಂತ ಕಡಿಮೆ ಓದಿರಬೇಕು. ಅಕ್ಕ ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವರು. ಬೇರೆಲ್ಲ ಕಡೆ ಕುಂದಾಗಿ ಕಂಡದ್ದು ಇಲ್ಲಿ ಅರ್ಹತೆಯಾಗಿದೆ.

ನಿಯಮದಲ್ಲಿ ಬರೆಯದ ಒಂದು ಸಂಗತಿಯನ್ನು ಅಕ್ಕ ತಾವೇ ಕಲಿತಿದ್ದಾರೆ. ಕಣ್ಣು ಕಾಣದ ಮಕ್ಕಳು ಪೆನ್ನಿನ ಸದ್ದು ಕೇಳುತ್ತಾರೆ. ತಪ್ಪು ಉತ್ತರ ಕೇಳಿದಾಗ ಬರೆಯುವವರ ಪೆನ್ನು ಒಂದು ಕ್ಷಣ ತಡೆದರೂ ಸಾಕು, ಮಕ್ಕಳ ಎದೆ ಧಸಕ್ಕೆನ್ನುತ್ತದೆ, ಮುಂದಿನದೆಲ್ಲ ಮರೆತುಹೋಗುತ್ತದೆ. ಹಾಗಾಗಿ ಪೆನ್ನು ನಿಲ್ಲಬಾರದು. ಅದಕ್ಕಾಗಿ ಅಕ್ಕ ಬೆಳಿಗ್ಗೆ ಬೆಳಿಗ್ಗೆ ಅಭ್ಯಾಸ ಮಾಡುತ್ತಾರೆ. ಗುಬ್ಬಿ ಬೇಕೆಂದೇ ತಪ್ಪು ಹೇಳುತ್ತಾಳೆ, ರಾಜನನ್ನು ಮರ ಹತ್ತಿಸುತ್ತಾಳೆ, ಹಡಗನ್ನು ಬಾವಿಗೆ ಇಳಿಸುತ್ತಾಳೆ. ಅಕ್ಕ ತುಟಿ ಪಿಟಕ್ಕೆನ್ನದೆ ಬರೆದುಕೊಳ್ಳುತ್ತಾರೆ. ಪೆನ್ನು ಒಂದೇ ಸಮನೆ ಓಡುತ್ತದೆ. ಗುಬ್ಬಿಗೇ ನಗು ತಡೆಯಲಾಗದೆ ಅಭ್ಯಾಸ ಮುರಿದುಬೀಳುತ್ತದೆ.

ಅಕ್ಕನ ಅಪ್ಪನದೂ ಇದೇ ಕಸುಬು, ಇದೇ ಅಂಗಡಿ. ಅವರ ಸೊಂಟ ಬಿದ್ದುಹೋದಾಗ ಪೆಟ್ಟಿಗೆ ಹಿಡಿಯಲು ಯಾರಾದರೂ ಬೇಕಾಯಿತು. ಮಗಳು ಪುಸ್ತಕದ ಚೀಲ ಮೊಳೆಗೆ ತಗುಲಿಹಾಕಿ ಮೇಜಿನ ಹಿಂದೆ ನಿಂತಳು. ಅಲ್ಲಿಂದ ಇಲ್ಲಿಯತನಕ ನಿಂತೇ ಇದ್ದಾರೆ. ಬೆಳಗಿನ ಹೊತ್ತು ಆಫೀಸಿಗೆ ಹೋಗುವವರ ಅಂಗಿ, ಮಧ್ಯಾಹ್ನ ಆಸ್ಪತ್ರೆ ಕೋಟುಗಳ ಗಂಟು, ಸಂಜೆ ಶಾಲೆ ಮಕ್ಕಳ ಸಮವಸ್ತ್ರ. ಕಾಲಿನ ನರಗಳು ಊದಿಕೊಂಡು ಹಗ್ಗದ ಹಾಗಾಗಿವೆ. ಮದುವೆಯ ಮಾತು ಬಂದಾಗಲೆಲ್ಲ ಅಪ್ಪನನ್ನು ನೋಡಿಕೊಳ್ಳುವವರು ಯಾರು ಎಂಬ ಮಾತೂ ಬಂದು, ಎರಡೂ ಅಲ್ಲಿಗೇ ನಿಂತವು. ಅಪ್ಪ ಹೋಗಿ ಬಹಳ ವರ್ಷಗಳಾದವು.

ಅಕ್ಕನಿಗೊಬ್ಬ ತಮ್ಮನಿದ್ದ. ಚಿಕ್ಕಂದಿನಲ್ಲಿ ಬಂದ ಜ್ವರ ಅವನ ಕಣ್ಣು ತೆಗೆದುಕೊಂಡು ಹೋಗಿತ್ತು. ಶಾಲೆಗೆ ಹೋಗುತ್ತಿದ್ದ, ಸಂಜೆ ಬಂದು ಇದೇ ಸ್ಟೂಲಿನ ಮೇಲೆ ಕೂರುತ್ತಿದ್ದ, ಅಕ್ಕ ಬಟ್ಟೆ ತಿಕ್ಕುತ್ತಲೇ ಓದಿ ಹೇಳುತ್ತಿದ್ದರು. ಒಂದು ಸಲ ಕೇಳಿದರೆ ಅವನಿಗೆ ಬಾಯಿಪಾಠ. ಅವನ ಇಂಗ್ಲಿಷ್ ಪರೀಕ್ಷೆಗೆ ಲಿಪಿಕಾರರಾಗಿ ಕೂತದ್ದೇ ಅಕ್ಕನ ಮೊದಲ ಕೆಲಸ. ಬೀದಿಗೆಲ್ಲ ಗೊತ್ತಿರುವುದು ಇಷ್ಟೇ. ಹುಡುಗ ಇಂಗ್ಲಿಷಿನಲ್ಲಿ ಫೇಲಾದ, ಆಮೇಲೆ ಕಾಯಿಲೆಯಾಗಿ ತೀರಿಕೊಂಡ, ಪಾಪ, ಎಂದು ಹಳಬರು ಹೇಳುತ್ತಾರೆ.

ಉಳಿದದ್ದನ್ನು ಅಕ್ಕ ಈ ವರ್ಷದ ತನಕ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಕೇಳಿದವಳು ಗುಬ್ಬಿ. ಪುಟ ಮಗುಚುವ ಮೊದಲು ಅದೇನು ಉಜ್ಜುತ್ತೀರಿ, ದಿನವೂ ಆ ಸದ್ದು ಕೇಳುತ್ತೇನೆ ಎಂದಳು. ಓದುತ್ತಿರುವಾಗ ಮಾತು ಬಂದರೆ ಅಕ್ಕ ಪೆಟ್ಟಿಗೆ ಓಡಿಸುತ್ತಲೇ ಉತ್ತರ ಕೊಡುವವರು. ಅವತ್ತು ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟರು.

ಬಟ್ಟೆಗೆ ನೀರು ಚಿಮುಕಿಸುವುದು ಇಸ್ತ್ರಿಯವರ ಅಭ್ಯಾಸ. ಡಬ್ಬಿಗೆ ಒರಗಿಸಿದ ಪುಸ್ತಕದ ಮೇಲೂ ಹನಿ ಬೀಳುತ್ತದೆ. ತಮ್ಮನ ಪುಸ್ತಕದಲ್ಲಿ ಹಾಗೆ ನೆನೆದ ಎರಡು ಹಾಳೆ ಪೆಟ್ಟಿಗೆಯ ಕಾವಿಗೆ ಒಣಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಆ ಪಾಠ ಒಬ್ಬ ಅಂಬಿಗನದು. ನೆರೆ ಬಂದ ರಾತ್ರಿ ಊರಿನವರನ್ನೆಲ್ಲ ದಡ ಸೇರಿಸಿ, ಉಳಿದ ಒಬ್ಬರಿಗಾಗಿ ಮತ್ತೆ ದೋಣಿ ಬಿಡುತ್ತಾನೆ, ವಾಪಸ್ ಬರುವುದಿಲ್ಲ. ಮುಂದಿನ ಪಾಠ ಒಬ್ಬ ರಾತ್ರಿ ಕಾವಲುಗಾರನದು. ಅಂಟಿದ ಹಾಳೆಗಳು ಅಂಬಿಗನ ಕೊನೆಯನ್ನೂ ಕಾವಲುಗಾರನ ಮೊದಲನ್ನೂ ನುಂಗಿಬಿಟ್ಟಿದ್ದವು. ದೋಣಿ ಕತ್ತಲಿಗೆ ಇಳಿದದ್ದೇ ಪುಟ ಮುಗಿಯಿತು. ಅಕ್ಕ ಹಾಳೆ ಮಗುಚಿ ಮುಂದಕ್ಕೆ ಓದಿದರು. ಅಲ್ಲಿ, ಕಾವಲುಗಾರನ ಪಾಠದಲ್ಲಿ, ಬೆಳಗಾಗಿತ್ತು. ಅವನು ಮನೆಗೆ ಬಂದ, ಮಗಳು ಬಾಗಿಲು ತೆಗೆದಳು, ಅವನು ಸೀಟಿಯನ್ನು ಗೋಡೆಗೆ ತೂಗುಹಾಕಿ ಮಲಗಿದ. ಮೇಜಿನ ಮೇಲೆ ಬೆಟ್ಟದಷ್ಟು ಬಟ್ಟೆ, ಬೆನ್ನಿಗೆ ನೋವು. ಅಂಬಿಗನಿಗೆ ಸೀಟಿ ಎಲ್ಲಿಂದ ಬಂತು ಎಂದು ಓದಿದವರಿಗೆ ಹೊಳೆಯಲಿಲ್ಲ. ಕೇಳಿದವನು ಅಕ್ಕ ಓದಿದ್ದೆಂದ ಮೇಲೆ ಅನುಮಾನ ಪಡುವವನಲ್ಲ.

ಪರೀಕ್ಷೆಯಲ್ಲಿ ಆ ಪಾಠದ್ದೇ ದೊಡ್ಡ ಪ್ರಶ್ನೆ ಬಂತು. ಊರಿನವರು ಇಂದಿಗೂ ನದಿಯ ದಡದಲ್ಲಿ ದೀಪ ಇಡುವುದೇಕೆ, ಅಂಬಿಗನಿಗೆ ಏನಾಯಿತು? ಅಕ್ಕನೇ ಓದಿ ಹೇಳಿದರು. ಅವರು ಓದಿಕೊಟ್ಟ ಪಾಠದಲ್ಲಿ ದೀಪದ ಮಾತೇ ಇರಲಿಲ್ಲ. ತಮ್ಮ ಮಾತ್ರ ಅಳುಕಿಲ್ಲದೆ ಹೇಳತೊಡಗಿದ: ಬೆಳಗಾಯಿತು, ಅಂಬಿಗ ಮನೆಗೆ ಬಂದ, ಮಗಳು ಬಾಗಿಲು ತೆಗೆದಳು, ಸೀಟಿ ತೂಗುಹಾಕಿದ. ಒಂದಕ್ಷರ ಆಚೀಚೆಯಿಲ್ಲದೆ, ಅಕ್ಕ ಓದಿದ ಹಾಗೆ, ಅಕ್ಕ ಉಸಿರು ತೆಗೆದುಕೊಂಡ ಜಾಗದಲ್ಲೇ ಉಸಿರು ತೆಗೆದುಕೊಂಡು. ತನ್ನ ತಪ್ಪು ಅವನ ಬಾಯಿಂದ ಬರುತ್ತಿದೆ ಎಂದು ಅಕ್ಕನಿಗೆ ಆಗ ಗೊತ್ತಾಯಿತು. ಪೆನ್ನು ನಿಂತಿತು.

‘ಏನಕ್ಕಾ ಅಂದ ತಮ್ಮ,’ ಎನ್ನುತ್ತಾರೆ ಅಕ್ಕ. ‘ಮೇಲ್ವಿಚಾರಕಿ ಹಿಂದೇನೇ ನಿಂತಿದ್ರು. ಏನೂ ಹೇಳೋ ಹಾಗಿಲ್ಲ. ನೀನೇ ಓದಿದ್ದಲ್ವಾ ಅಕ್ಕ, ಬರಿ ಅಂದ. ಬರೆದೆ. ಆದ್ರೆ ಪೆನ್ನು ನಿಂತಿದ್ದು ಅವನಿಗೆ ಕೇಳ್ಸಿತ್ತು. ಆಮೇಲೆ ಗೊತ್ತಿದ್ದ ಉತ್ತರಕ್ಕೂ ತಡವರಿಸಿದ. ನಾನು ಬರೀತಾನೇ ಇದ್ದೆ, ಅವನು ಮುಳುಗ್ತಾನೇ ಇದ್ದ.’

ಮನೆಗೆ ಬಂದು ಉಗುರಿನಿಂದ ಆ ಹಾಳೆ ಬಿಡಿಸಿ ನೋಡಿ ಅಕ್ಕ ಅತ್ತರು. ತಮ್ಮನಿಗೆ ಹೇಳಲಿಲ್ಲ. ಫಲಿತಾಂಶ ಬರಲಿ ಎಂದುಕೊಂಡರು. ಬಂತು, ಇಂಗ್ಲಿಷ್ ಒಂದರಲ್ಲೇ ಹೋಗಿತ್ತು. ಪೂರಕ ಪರೀಕ್ಷೆಗೆ ಓದಿಸುವಾಗ ಹೇಳೋಣ ಎಂದುಕೊಂಡರು. ಪುಸ್ತಕ ಮತ್ತೆ ತೆರೆಯುವ ಮೊದಲೇ ಅವನಿಗೆ ಕಾಮಾಲೆ ಬಂತು. ಆಸ್ಪತ್ರೆಯ ಮಂಚದ ಪಕ್ಕ ಕೂತು ಎಷ್ಟೋ ಸಲ ಬಾಯಿ ತೆರೆದರು. ಗುಣವಾಗಲಿ, ಆಮೇಲೆ ಹೇಳಿದರಾಯಿತು ಎಂದು ಮುಚ್ಚಿದರು.

‘ನನ್ನ ತಲೇಲಿ ಏನೂ ನಿಲ್ಲಲ್ಲ ಅಕ್ಕ, ನಿಂಗೆ ಸುಮ್ನೆ ಕಷ್ಟ ಕೊಟ್ಟೆ ಅಂತಿದ್ದ,’ ಎನ್ನುತ್ತಾರೆ ಅಕ್ಕ. ‘ತಾನು ದಡ್ಡ ಅಂದ್ಕೊಂಡೇ ಹೋದ. ಅವನು ದಡ್ಡ ಆಗಿರಲಿಲ್ಲ. ನಾನು ಓದಿದ್ದಷ್ಟನ್ನೂ ಹೇಳಿದ್ದ.’ ಈ ದುಃಖಕ್ಕೆ ಸಮಾಧಾನ ಹೇಳುವುದು ಸುಲಭವಲ್ಲ, ಹೇಳಲು ಹೋಗುವುದೂ ತರವಲ್ಲ.

ಮರುವರ್ಷ ತಮ್ಮನ ಶಾಲೆಯ ಮೇಷ್ಟ್ರು ಅಂಗಡಿಗೆ ಬಂದು, ಇನ್ನೊಬ್ಬ ಹುಡುಗನಿಗೆ ಬರೆದುಕೊಡಲು ಯಾರೂ ಸಿಕ್ಕಿಲ್ಲ ಎಂದರು. ಅಕ್ಕ ಬೆಂಕಿ ಆರಿಸಿ ಅವರ ಹಿಂದೆ ಹೊರಟರು. ಅಂದಿನಿಂದ ಪ್ರತಿ ವರ್ಷವೂ ಹೊರಟಿದ್ದಾರೆ. ಇವರ ಬೆರಳಿನಿಂದ ಪಾಸಾದವರು ಇಂದು ಬ್ಯಾಂಕಿನಲ್ಲಿದ್ದಾರೆ, ಶಾಲೆಗಳಲ್ಲಿ ಪಾಠ ಹೇಳುತ್ತಾರೆ. ಇಂಗ್ಲಿಷ್ ಪರೀಕ್ಷೆಯನ್ನು ಇಷ್ಟು ಸಲ ಬರೆದವರು ಸುತ್ತಮುತ್ತ ಇನ್ನೊಬ್ಬರಿಲ್ಲ. ಸ್ವಂತ ಹೆಸರಿನಲ್ಲಿ ಮಾತ್ರ ಒಮ್ಮೆಯೂ ಬರೆದಿಲ್ಲ. ಬರೆದು ಪಾಸಾದರೆ ಮಕ್ಕಳ ಪಕ್ಕದ ಕುರ್ಚಿಯಲ್ಲಿ ಕೂರುವ ಹಾಗಿಲ್ಲ.

ಅವತ್ತು ಎಲ್ಲ ಹೇಳಿ ಮುಗಿಸಿದ ಮೇಲೆ ಅಕ್ಕನಿಗೆ ಭಯ ಹಿಡಿದುಕೊಂಡಿತಂತೆ. ಪರೀಕ್ಷೆ ಬಾಗಿಲಿಗೆ ಬಂದಿರುವಾಗ ಹೇಳಿಬಿಟ್ಟೆನಲ್ಲ, ಇನ್ನು ಈ ಹುಡುಗಿ ನಾನು ಓದಿದ್ದನ್ನು ನಂಬುತ್ತಾಳೋ ಇಲ್ಲವೋ ಎಂದು. ಗುಬ್ಬಿ ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. ‘ಹಾಳೆ ಉಜ್ಜೋ ಸದ್ದು ಕೇಳಿಸ್ತಿದ್ರೆ ಸಾಕು. ಮುಂದೆ ಓದಿ,’ ಎಂದಳು.

ಪರೀಕ್ಷೆಯ ದಿನ ಅಂಗಡಿ ಮುಚ್ಚಿದೆ. ತಾವೇ ತಿಕ್ಕಿದ ಸೀರೆ ಉಟ್ಟು, ಗುಬ್ಬಿಯ ಕೈಯನ್ನು ತಮ್ಮ ತೋಳಿಗೆ ಹಾಕಿಸಿಕೊಂಡು ಅಕ್ಕ ಶಾಲೆಯ ಗೇಟು ದಾಟುತ್ತಾರೆ. ಗುಬ್ಬಿಯ ಅಪ್ಪ ಕೆಲಸಕ್ಕೆ ರಜೆ ಹಾಕಿ ಹೊರಗೆ ನಿಂತಿದ್ದಾರೆ, ಕಿಟಕಿ ಯಾವುದೆಂದು ತಿಳಿಯದೆ ಎಲ್ಲ ಕಿಟಕಿಗಳನ್ನೂ ನೋಡುತ್ತಾರೆ. ಕೊನೆಯ ಗಂಟೆ ಬಾರಿಸಿದ ಮೇಲೆ ಇಬ್ಬರೂ ಹೊರಗೆ ಬರುತ್ತಾರೆ. ಹೇಗಾಯಿತು ಎಂದು ಅಪ್ಪ ಕೇಳಿದರೆ ಗುಬ್ಬಿ ದೂರು ಹೇಳುತ್ತಾಳೆ. ‘ಯಾರಿಗ್ಗೊತ್ತು ಅಪ್ಪ. ಇವ್ರ ಪೆನ್ನು ಒಂದು ಸಲಾನೂ ನಿಲ್ಲಲಿಲ್ಲ.’ ಅಪ್ಪ ಏನೂ ಅರ್ಥವಾಗದೆ ಇಬ್ಬರ ಮುಖ ನೋಡುತ್ತಾರೆ. ಅಕ್ಕ ನಗುತ್ತಾರೆ, ಉತ್ತರಗಳ ಬಗ್ಗೆ ಮಾತ್ರ ಒಂದು ಮಾತೂ ಆಡುವುದಿಲ್ಲ. ಫಲಿತಾಂಶ ಬರಲು ಇನ್ನೂ ಸಮಯವಿದೆ.

ಮರುದಿನ ಬೆಳಿಗ್ಗೆ ಕೆಂಡ ಮತ್ತೆ ಕೆಂಪಗಾಗಿದೆ. ಓದುವುದು ಏನೂ ಇಲ್ಲದಿದ್ದರೂ ಗುಬ್ಬಿ ಬಂದು ಸ್ಟೂಲಿನ ಮೇಲೆ ಕೂತಿದ್ದಾಳೆ. ಮುಂದಿನ ವರ್ಷ ನೀವೇ ಪರೀಕ್ಷೆ ಕಟ್ಟಿ, ಅಭ್ಯಾಸಕ್ಕೆ ಪ್ರಶ್ನೆ ನಾನು ಕೇಳುತ್ತೇನೆ ಎಂದು ಅವಳ ಹಟ. ಮಕ್ಕಳಿಗೆ ಬರೆದುಕೊಡಲು ಬೇರೆ ಯಾರಾದರೂ ಮುಂದೆ ಬಂದರೆ ಕಟ್ಟುತ್ತೇನೆ, ಒಂದು ಸಲ ಪರೀಕ್ಷೆ ಕಟ್ಟಿದವರ ಕುರ್ಚಿಯಲ್ಲಿ ಕೂರಬೇಕೆಂಬ ಆಸೆ ನನಗೂ ಇದೆ ಎನ್ನುತ್ತಾರೆ ಅಕ್ಕ. ಅಂಬಿಗನ ಪ್ರಶ್ನೆ ಬಂದರೆ ಏನು ಬರೆಯುತ್ತೀರಿ ಎಂದು ಗುಬ್ಬಿ ಕೇಳುತ್ತಾಳೆ.

ಆ ಪಾಠವನ್ನು ಪುಸ್ತಕದಿಂದ ತೆಗೆದು ಎಷ್ಟೋ ವರ್ಷವಾಯಿತು. ಅಕ್ಕ ಹಾಗೆಂದು ಹೇಳಿ ಅಂಗಿಯ ತೋಳು ಮಡಿಸುತ್ತಾರೆ. ಬಳಿಕ ಕೈ ತಡೆದು ನಿಲ್ಲುತ್ತಾರೆ.

‘ಬಂದ್ರೆ ಅವನು ಹೇಳಿದ್ದನ್ನೇ ಬರೀತೀನಿ ಕಣೇ. ಮಾರ್ಕ್ಸ್ ಹೋದ್ರೆ ಹೋಗ್ಲಿ. ಬೆಳಗಾಯ್ತು, ಅಂಬಿಗ ಮನೆಗೆ ಬಂದ, ಮಗಳು ಬಾಗಿಲು ತೆಗೆದ್ಲು.’