ಡ್ರಿಲ್ ಮೇಷ್ಟ್ರ ಸೊಂಟ

ನಾನು ಹೈಸ್ಕೂಲಿನ ದೈಹಿಕ ಶಿಕ್ಷಕ. ಜನರ ಬಾಯಲ್ಲಿ ಡ್ರಿಲ್ ಮೇಷ್ಟ್ರು. ಮನೆ ಶಿಕಾರಿಪುರದಲ್ಲಿ, ಶಾಲೆ ಸೊರಬ ತಾಲ್ಲೂಕಿನಲ್ಲಿ, ಆನವಟ್ಟಿಯ ಆಚೆ. ದಿನಾ ಬೈಕಿನಲ್ಲಿ ಹೋಗಿಬರುತ್ತೇನೆ. ಹದಿನೆಂಟು ವರ್ಷ ಮಕ್ಕಳಿಗೆ ‘ಎದೆ ಎತ್ತು, ಬೆನ್ನು ನೆಟ್ಟಗೆ’ ಎಂದು ಕೂಗಿದವನು ನಾನು. ಆದರೆ ಅಷ್ಟೂ ವರ್ಷ ನಾನಾಗಿ ಒಂದು ದಿನವೂ ವ್ಯಾಯಾಮ ಮಾಡಿರಲಿಲ್ಲ. ಮಕ್ಕಳು ಮೈದಾನ ಸುತ್ತುವಾಗ ನಾನು ಬೇವಿನ ಮರದಡಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಸೀಟಿ ಊದುತ್ತಿದ್ದೆ. ಹೊಟ್ಟೆ ಬೆಲ್ಟಿನ ಮೇಲೆ ಇಳಿಬಿದ್ದಿತ್ತು. ಆದರೂ ಸೊಂಟ ನೋವು, ಮಂಡಿ ನೋವು ಎಂದು ನರಳುವ ಸಹೋದ್ಯೋಗಿಗಳನ್ನು ಕಂಡರೆ ನನಗೆ ತಾತ್ಸಾರ. ಅವರೆಲ್ಲ ಮೈಗಳ್ಳರು, ನಾನೊಬ್ಬನೇ ಕಸುವಿನ ಮನುಷ್ಯ ಎಂದು ತಿಳಿದಿದ್ದೆ. ಅಂಥ ಅವಿವೇಕ.

ಆ ವರ್ಷ ಸ್ವಾತಂತ್ರ್ಯ ದಿನಕ್ಕೆ ಸಾಮೂಹಿಕ ಕವಾಯತಿನ ತಾಲೀಮು ನಡೆದಿತ್ತು. ಸಾಮಾನ್ಯವಾಗಿ ಕವಾಯತು ತೋರಿಸುವ ಕೆಲಸವನ್ನು ಹತ್ತನೇ ತರಗತಿಯ ಲೀಡರಿಗೆ ವಹಿಸುತ್ತಿದ್ದೆ. ಅಂದು ಹೆಡ್‌ಮಾಸ್ಟರು ಊರಿನ ನಾಲ್ಕು ಹಿರಿಯರನ್ನು ಕರೆತಂದು ಜಗುಲಿಯ ಮೇಲೆ ನಿಂತಿದ್ದರು. ನನ್ನ ಜಂಭಕ್ಕೆ ಅಷ್ಟೇ ಸಾಕಾಯಿತು. ನಾನೇ ಮುಂದೆ ಹೋಗಿ ನಿಂತೆ. ‘ಒಂದು’ ಎಂದರೆ ಕೈ ಮೇಲೆ, ‘ಎರಡು’ ಎಂದರೆ ಬಗ್ಗಿ ಕಾಲ್ಬೆರಳು ಮುಟ್ಟುವುದು, ‘ಮೂರು’ ಎಂದರೆ ಮತ್ತೆ ಕೈ ಮೇಲೆ.

‘ಎರಡು’ ಎಂದು ಬಗ್ಗಿದೆ. ಸೊಂಟದಲ್ಲಿ ಏನೋ ಚಳಕ್ಕೆಂದಿತು. ಮೇಲೇಳಲು ಆಗಲಿಲ್ಲ, ಕೂರಲೂ ಆಗಲಿಲ್ಲ. ಉಸಿರೇ ಸಿಕ್ಕಿಕೊಂಡಿತ್ತು, ‘ಮೂರು’ ಎನ್ನುವ ಮಾತು ಹೊರಡಲಿಲ್ಲ. ನಾನು ಕಲಿಸಿದ ಶಿಸ್ತು ನೋಡಿ, ಇಡೀ ಶಾಲೆ ಬಗ್ಗಿಕೊಂಡೇ ನಿಂತಿತ್ತು. ಯಾರೂ ಕದಲಲಿಲ್ಲ. ಜಗುಲಿಯಿಂದ ಹೆಡ್‌ಮಾಸ್ಟರು ಕೂಗಿದರು:

“ಮೇಷ್ಟ್ರೇ, ಮೂರು ಅನ್ರೀ! ಮಕ್ಳು ಎಷ್ಟೊತ್ತು ಬಗ್ಗಿರ್ಬೇಕು?”

ಕೊನೆಗೆ ಅವರೇ ಅಲ್ಲಿಂದ ‘ಮೂರು’ ಎಂದರು. ಮಕ್ಕಳೆಲ್ಲ ಎದ್ದರು. ನಾನು ಏಳಲಿಲ್ಲ. ಆಗ ಮೊದಲು ಯಾರೋ ಕಿಸಕ್ಕೆಂದರು. ಆಮೇಲೆ ಮೈದಾನವೇ ನಕ್ಕಿತು. ಇಬ್ಬರು ಶಿಕ್ಷಕರು ನನ್ನನ್ನು ಬಗ್ಗಿದ ಭಂಗಿಯಲ್ಲೇ ಹಿಡಿದು, ನೆಲ ನೋಡಿಸುತ್ತಾ ಆಫೀಸಿಗೆ ನಡೆಸಿದರು.

ಮುಂದಿನ ಒಂದೂವರೆ ತಿಂಗಳು ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಒಬ್ಬರ ಹತ್ತಿರ ಸೂಜಿ ಚುಚ್ಚಿಸಿಕೊಂಡೆ. ಎರಡು ದಿನ ಹಾಯೆನಿಸಿತು, ಮೂರನೇ ದಿನ ಮತ್ತದೇ ನೋವು. ಎತ್ತಿಗೆ ಕಟ್ಟುವ ಪಟ್ಟಿಯಂಥ ಸೊಂಟದ ಬೆಲ್ಟು ತಂದು ಬಿಗಿದುಕೊಂಡೆ. ಯಾರೋ ಹೇಳಿದ ಕಪ್ಪು ಎಣ್ಣೆ ಹಚ್ಚಿಸಿಕೊಂಡು ಹಾಸಿಗೆಯನ್ನೆಲ್ಲ ಗಬ್ಬೆಬ್ಬಿಸಿದೆ. ನೋಡಲು ಬಂದ ಶಿಕ್ಷಕರು ಒಬ್ಬೊಬ್ಬರೂ ಒಂದೊಂದು ಹೇಳಿದರು. ಕನ್ನಡದವರು ಬದನೆಕಾಯಿ ಬಿಡಿ ಎಂದರು. ಗಣಿತದವರು ನರ ಹಿಡಿದಿದೆ, ಒಂದು ವರ್ಷ ಅಲುಗಾಡಬೇಡಿ ಎಂದರು. ಮಕ್ಕಳಿಗೆ ಮೂಳೆ-ಸ್ನಾಯು ಪಾಠ ಮಾಡುವ ವಿಜ್ಞಾನದವರು, ಇದು ಹೊಟ್ಟೆಯ ವಾಯು ಬೆನ್ನಿಗೆ ಏರಿದ್ದು ಎಂದರು. ಇಂಥವರ ಕೈಯಲ್ಲಿ ಓದಿದ ಮಕ್ಕಳ ಗತಿಯೇನು ಎಂದುಕೊಂಡೆ. ಆದರೆ ಅವರ ಮಾತು ಕೇಳಿ ಬದನೆಕಾಯಿಯನ್ನೂ ಬಿಟ್ಟೆ, ಅಲುಗಾಡುವುದನ್ನೂ ಬಿಟ್ಟೆ.

ನನ್ನ ಹೆಂಡತಿಗೆ ಸಾಕಾಗಿಹೋಯಿತು. “ಮಲಗಿ ಮಲಗಿ ಕೊರಡಾಗೀರಿ. ಎದ್ದು ನಾಕ್ ಹೆಜ್ಜೆ ಇಡ್ರೀ, ಇಲ್ಲಾಂದ್ರೆ ಯಾರಿಗಾದ್ರೂ ಸರಿಯಾಗಿ ತೋರಿಸ್ರೀ” ಎಂದು, ತಾನೇ ವಿಚಾರಿಸಿ, ಪೇಟೆಯಲ್ಲಿ ಹೊಸದಾಗಿ ಶುರುವಾಗಿದ್ದ ಫಿಸಿಯೋಥೆರಪಿ ಕೋಣೆಗೆ ಕರೆದುಕೊಂಡು ಹೋದಳು.

ಅದನ್ನು ನಡೆಸುತ್ತಿದ್ದವಳು ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನ ಹುಡುಗಿ. ಕೋಣೆಯಲ್ಲಿ ಎರಡು ಮಂಚ, ಒಂದು ಚಾಪೆ, ಗೋಡೆಗೆ ಕಟ್ಟಿದ ರಬ್ಬರ್ ಪಟ್ಟಿ. ನೋಡಿದ ಕೂಡಲೇ ತಾತ್ಸಾರ ಹುಟ್ಟಿತು. ಅವಳು ನನ್ನನ್ನು ಬಗ್ಗಿಸಿ, ಕಾಲೆತ್ತಿಸಿ, ಕಾಲ್ಬೆರಳು ಒತ್ತಿ ನೋಡಿದಳು.

“ಕಾಲು ಜೋಮು ಹಿಡಿಯತ್ತಾ ಸರ್? ಶಕ್ತಿ ಕಮ್ಮಿ ಆಗಿದೆಯಾ? ಮೂತ್ರಕ್ಕೆ ಏನಾದ್ರೂ ತೊಂದ್ರೆ?”

“ಇಲ್ಲ.”

“ಇವುಗಳಲ್ಲಿ ಯಾವ್ದಾದ್ರೂ ಇದ್ದಿದ್ರೆ ಈಗ್ಲೇ ದೊಡ್ಡ ಆಸ್ಪತ್ರೆಗೆ ಕಳಿಸ್ತಿದ್ದೆ. ಇಲ್ಲ ಅಂದ್ಮೇಲೆ ಹೆದರ್ಬೇಡಿ. ನೋವು ಅಂದ್ರೆ ಒಳಗೇನೋ ಮುರಿದಿದೆ ಅಂತ ಅಲ್ಲ. ಹೆದರಿ ಮಲಗಿದಷ್ಟೂ ಅದು ಬಿಗಿಯಾಗತ್ತೆ.”

ಮೂರು ಕೆಲಸ ಹೇಳಿದಳು. ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು. ಕೈ-ಮಂಡಿ ಊರಿ ಬೆನ್ನನ್ನು ಮೇಲಕ್ಕುಬ್ಬಿಸಿ, ಕೆಳಗಿಳಿಸುವುದು. ಬೆಳಿಗ್ಗೆ, ಸಂಜೆ ನಡೆಯುವುದು.

“ಇಷ್ಟೇನಾ?” ಎಂದೆ.

“ಇಷ್ಟೇ ಸರ್. ಆದ್ರೆ ದಿನಾ.”

ನನಗೆ ರೇಗಿತು. ಹದಿನೆಂಟು ವರ್ಷ ಡ್ರಿಲ್ ಹೇಳಿಕೊಟ್ಟವನಿಗೆ ಇವಳು ಡ್ರಿಲ್ ಹೇಳಿಕೊಡುವುದೇ? ಮನೆಗೆ ಬಂದು ಅವಳು ಬರೆದುಕೊಟ್ಟ ಚೀಟಿಯನ್ನು ದಿಂಬಿನಡಿ ಇಟ್ಟು ಮಲಗಿದೆ.

ಮುಂದಿನ ವಾರ ಹೋದಾಗ ಅಲ್ಲಿ ಅಂಜನಾಪುರದ ಕಡೆಯ ಒಬ್ಬ ಹೆಂಗಸು ಇದ್ದಳು. ವಯಸ್ಸು ಐವತ್ತರ ಮೇಲೆ. ಗದ್ದೆ ನಾಟಿ, ಕಳೆ ತೆಗೆಯುವ ಕೂಲಿ. ಬಲಗೈ ಮೇಲೇಳದೆ ತನ್ನ ತುರುಬನ್ನು ತಾನು ಕಟ್ಟಲಾಗುತ್ತಿರಲಿಲ್ಲವಂತೆ. ಜೊತೆಗೆ ಸೊಂಟ ನೋವು ಬೇರೆ. ಗೋಡೆಯ ಮೇಲೆ ಬೆರಳುಗಳನ್ನು ಇರುವೆಯಂತೆ ಮೇಲೆ ಮೇಲೆ ಹತ್ತಿಸುತ್ತಿದ್ದಳು. ನೋವಿಗೆ ತುಟಿ ಕಚ್ಚಿಕೊಂಡಿದ್ದಳು, ಆದರೂ ಬಿಡುತ್ತಿರಲಿಲ್ಲ.

“ಮನೆ ಗ್ವಾಡಿ ಮ್ಯಾಲೆ ಬೆರಳು ಮುಟ್ಟಿದ ಕಡೆ ದಿನಾ ಇದ್ದಲಿನಿಂದ ಗೆರೆ ಹಾಕ್ತೀನ್ರೀ” ಎಂದು ಫಿಸಿಯೋ ಹುಡುಗಿಗೆ ಹೇಳಿದಳು. “ಒಂದ್ ಗೆಣ್ಣು ಮ್ಯಾಲ್ ಹೋಗೈತಿ.”

ಹುಡುಗಿ ನನ್ನ ಕಡೆ ತಿರುಗಿ, “ಸರ್, ದಿನಾ ಮಾಡಿದ್ರಾ?” ಎಂದಳು.

“ಮಾಡಿದೆ. ಏನೂ ಪ್ರಯೋಜನ ಇಲ್ಲ” ಎಂದೆ, ಕಣ್ಣು ಮಿಟುಕಿಸದೆ.

“ಒಂದ್ಸಲ ತೋರ್ಸಿ.”

ಚಾಪೆಯ ಮೇಲೆ ಮಲಗಿದೆ. ಮಂಡಿ ಮಡಚಬೇಕೋ ಚಾಚಬೇಕೋ ಮರೆತುಹೋಗಿತ್ತು. ಎರಡು ಸಲ ಸೊಂಟ ಎತ್ತಿದೆನೋ ಇಲ್ಲವೋ, ತೊಡೆ ನಡುಗತೊಡಗಿತು. ಗೋಡೆಯ ಹತ್ತಿರವಿದ್ದ ಹೆಂಗಸು ಬೆರಳು ನಿಲ್ಲಿಸಿ ಇತ್ತ ತಿರುಗಿದಳು.

“ನೀವು ಏನ್ ಕೆಲ್ಸ ಮಾಡ್ತೀರ್ರೀ?”

“ಮೇಷ್ಟ್ರು.”

“ಏನ್ ಕಲಿಸ್ತೀರಿ?”

ನಾನು ಕಣ್ಣು ಮುಚ್ಚಿ ಇನ್ನೊಮ್ಮೆ ಸೊಂಟ ಎತ್ತಲು ಹೋದೆ. ಜೊತೆಗೆ ಬಂದಿದ್ದ ನನ್ನ ಹೆಂಡತಿ, “ಡ್ರಿಲ್ ಮೇಷ್ಟ್ರು ಕಣವ್ವಾ” ಎಂದಳು.

ಆ ಹೆಂಗಸು ನಗಲಿಲ್ಲ. ನಕ್ಕಿದ್ದರೆ ಸಹಿಸಬಹುದಿತ್ತು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಪಾಪ, ಆ ಹುಡ್ರು” ಎಂದಳು. ಮತ್ತೆ ಗೋಡೆಯ ಕಡೆ ತಿರುಗಿ ಬೆರಳು ಹತ್ತಿಸತೊಡಗಿದಳು.

ಅಂದು ಅಲ್ಲಿಂದ ಬರುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗಿತ್ತು. ಮಾರನೆಯ ಬೆಳಿಗ್ಗೆ ಚಾಪೆ ಹಾಸಿದೆ. ಮೊದಲ ವಾರ ಐದು ಸಲ ಸೊಂಟ ಎತ್ತುವುದರಲ್ಲಿ ಬೆವರುತ್ತಿದ್ದೆ. ನಡೆಯಲು ಹೋದರೆ ರಸ್ತೆಯ ತಿರುವಿಗೇ ಸಾಕಾಗುತ್ತಿತ್ತು. ಆದರೂ ಬಿಡಲಿಲ್ಲ. ಬಿಟ್ಟರೆ ಮುಂದಿನ ವಾರ ಆ ಹೆಂಗಸಿನ ಎದುರು ಚಾಪೆಯ ಮೇಲೆ ಮಲಗಬೇಕಲ್ಲ! ನನ್ನನ್ನು ಎಬ್ಬಿಸಿದ್ದು ಅರಿವಲ್ಲ, ಮಾನದ ಭಯ.

ಆಮೇಲಾಮೇಲೆ ಅವಳು ನನ್ನೊಂದಿಗೂ ಮಾತಾಡತೊಡಗಿದಳು. ಕಳೆ ತೆಗೆಯುವಾಗ ಎರಡು ಸಾಲು ಮುಗಿದರೆ ನೆಟ್ಟಗೆ ನಿಂತು, ಸೊಂಟದ ಮೇಲೆ ಕೈಯಿಟ್ಟು ಹಿಂದಕ್ಕೆ ಬಾಗು ಎಂದು ಹುಡುಗಿ ಅವಳಿಗೆ ಹೇಳಿದ್ದಳು. ಅವಳು ಮಾಡಿದಾಗ ಗದ್ದೆಯ ಯಜಮಾನರು ಬದುವಿನ ಮೇಲೆ ಕೊಡೆ ಹಿಡಿದು ನಿಂತು, “ಏನವ್ವಾ, ಆಕಾಶ ನೋಡಾಕ ಬಂದೀಯಾ?” ಎಂದರಂತೆ.

“ನೀವೇನಂದ್ರಿ?” ಎಂದು ಕೇಳಿದೆ.

“ನೀವೂ ಒಂದ್ ಸಾಲು ಬಗ್ಗಿ ಕಳೆ ತಗೀರೀ ಯಜಮಾನ್ರೇ, ಆಮ್ಯಾಕೆ ಆಕಾಶ ಕಾಣ್ತತೇನೋ ನೋಡೋಣ ಅಂದೆ. ಕೂಲಿ ಹೆಣ್ಮಕ್ಳೆಲ್ಲಾ ನಕ್ರು. ಮರುದಿನದಿಂದ ಅವ್ರೂ ನನ್ ಜೊತಿ ನಿಲ್ಲಾಕ ಹತ್ತಿದ್ರು. ಗದ್ದಿ ಏನ್ ನಿಂತ್ ಹೋಗ್ಲಿಲ್ಲ, ಹೊತ್ತಿಗೆ ಸರಿಯಾಗೇ ಮುಗೀತು.”

ದೀಪಾವಳಿಯ ಹೊತ್ತಿಗೆ ಅವಳು ತನ್ನ ತುರುಬನ್ನು ತಾನೇ ಕಟ್ಟಿಕೊಂಡು ಬಂದಳು. ನಾನು ಮತ್ತೆ ಶಾಲೆಗೆ ಹೋಗತೊಡಗಿದೆ. ಬೆಲ್ಟು ಬಿಚ್ಚಿ ಎಸೆದೆ. ಬೈಕನ್ನು ಆನವಟ್ಟಿಯಲ್ಲಿ ನಿಲ್ಲಿಸಿ, ಐದು ನಿಮಿಷ ಓಡಾಡಿ ಮುಂದೆ ಹೋಗುವುದು ರೂಢಿಯಾಯಿತು. ಮೈದಾನದಲ್ಲಿ ಮಕ್ಕಳ ಜೊತೆ ನಾನೂ ಸುತ್ತುತ್ತೇನೆ.

ಅದೇ ಉತ್ಸಾಹದಲ್ಲಿ ಒಂದು ಪೆದ್ದುತನ ಮಾಡಿದೆ. ಫಿಸಿಯೋ ಹುಡುಗಿಯನ್ನು ಶಾಲೆಗೆ ಕರೆಸಿ ಶಿಕ್ಷಕರಿಗೆ ಒಂದು ಗಂಟೆ ಪಾಠ ಹೇಳಿಸಿದೆ. ಆ ಗಂಟೆಯಲ್ಲಿ ಅರ್ಧವನ್ನು ಹೆಡ್‌ಮಾಸ್ಟರ ಸ್ವಾಗತ ಭಾಷಣವೇ ನುಂಗಿತು. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರಿ ಎಂದು ಅವಳು ಹೇಳಿದಳು. ಮೂವರು ಎದ್ದರು, ಉಳಿದವರು ಹಾಸ್ಯವೆಂಬಂತೆ ಹಲ್ಲು ಬಿಟ್ಟರು. ಕೊನೆಗೆ ಪ್ರಶ್ನೆ ಕೇಳಿ ಎಂದಾಗ ವಿಜ್ಞಾನದವರು ಎದ್ದು, “ಮೇಡಂ, ಮಂಡಿಗೆ ಯಾವ ಎಣ್ಣೆ ಒಳ್ಳೇದು?” ಎಂದರು. ಅಷ್ಟು ಹೊತ್ತು ಅವಳು ಹೇಳಿದ್ದು ಗೋಡೆಗೆ ಹೇಳಿದ ಹಾಗಾಯಿತು.

ಬಾಗಿಲ ಬಳಿ ನಿಂತು ಕೇಳುತ್ತಿದ್ದ ಬಿಸಿಯೂಟದ ಅಡುಗೆಯಮ್ಮ ಮಾತ್ರ ಒಳಗೆ ಬಂದಳು. “ಅನ್ನದ ಬೋಗುಣಿ ನೆಲದಿಂದ ಎತ್ತೋವಾಗ ಜೀವ ಹೋದಂಗಾಗ್ತದೆ ಮೇಡಂ. ಎಂಥ ಮಾಡ್ಲಿ?”

ಹುಡುಗಿ ಅಡುಗೆಕೋಣೆಗೇ ಹೋಗಿ ನೋಡಿದಳು. ಅನ್ನ ಬಸಿದ ಬೋಗುಣಿಯನ್ನು ನೆಲಕ್ಕಿಡಬೇಡಿ, ಸೊಂಟದೆತ್ತರಕ್ಕೆ ಕಟ್ಟೆ ಮಾಡಿಸಿ, ಇಬ್ಬರು ಹಿಡಿದು ಎತ್ತಿ ಎಂದಳು. ಕಟ್ಟೆಯ ಮಾತು ತೆಗೆದಾಗ ಹೆಡ್‌ಮಾಸ್ಟರು, “ಮೇಲಿಂದ ಮಂಜೂರಾತಿ ಬರ್ಬೇಕಲ್ರೀ” ಎಂದು ಕೈಚೆಲ್ಲಿದರು. ಮೈದಾನದ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಇಟ್ಟಿಗೆ, ಒಂದು ಕಲ್ಲು ಚಪ್ಪಡಿ ಅವರ ಕಣ್ಣಿಗೆ ಬಿದ್ದಿರಲೇ ಇಲ್ಲ.

ಶನಿವಾರ ಶಾಲೆ ಬಿಟ್ಟ ಮೇಲೆ ನಾನು, ಅಡುಗೆಯಮ್ಮ, ಅವಳ ಗಂಡ ಮೂವರೇ ಆ ಕಟ್ಟೆ ಕಟ್ಟಿದೆವು. ಮಂಡಿ ಮಡಚಿ, ಇಟ್ಟಿಗೆಯನ್ನು ಮೈಗೆ ಹತ್ತಿರ ಹಿಡಿದು ಎತ್ತಿದೆ. ಸಂಜೆ ಸೊಂಟ ಸ್ವಲ್ಪ ಹಿಡಿದುಕೊಂಡಿತು. ಮಲಗಲಿಲ್ಲ, ಕೆರೆಯ ಏರಿಯವರೆಗೆ ನಡೆದು ಬಂದೆ. ಸೋಮವಾರ ಶಿಕ್ಷಕರೆಲ್ಲ ಬಂದು ಕಟ್ಟೆ ನೋಡಿದರು. ಅದು ಒಂದು ಕಡೆ ವಾರೆಯಾಗಿದೆ ಎಂದರು, ಟೀ ಕುಡಿಯಲು ಹೋದರು. ವಾರೆಯಾಗಿದ್ದು ನಿಜ. ಅಡುಗೆಯಮ್ಮ ಬೋಗುಣಿಯನ್ನು ಅದರ ಮೇಲಿಟ್ಟು, ಬಗ್ಗದೆ ಅನ್ನ ಬಡಿಸತೊಡಗಿದ್ದಳು.