ಉಪ್ಪುನೀರಿನ ಭಾನುವಾರಗಳು

ನನಗೆ ಸಕ್ಕರೆ ಕಾಯಿಲೆ ಎಂದು ಡಾಕ್ಟರು ಹೇಳಿದ ವಾರವೇ, ಕಾಲೇಜಿನ ಆಫೀಸಿನಲ್ಲಿ ನನ್ನ ಪಕ್ಕದ ಟೇಬಲ್ಲಿನಾಕೆ ನನ್ನನ್ನು ವಿಜಯನಗರದ ಒಂದು ಮನೆಗೆ ಕರೆದುಕೊಂಡು ಹೋದಳು. ಅಲ್ಲಿ ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ ಶಿಬಿರ. ಎಚ್ಚರದಿಂದ ಬದುಕುವುದು ಹೇಗೆ ಎಂದು ಅಲ್ಲಿ ಕಲಿಸುತ್ತಿದ್ದರು. ಆಗ ನನಗೆ ಐವತ್ಮೂರು. ಯಾರಾದರೂ ಹೀಗೆ ಬದುಕು ಎಂದು ಹೇಳಿಬಿಟ್ಟರೆ ಸಾಕು ಎನ್ನಿಸುವಷ್ಟು ಹೆದರಿದ್ದೆ.

ಶಿಬಿರ ನಡೆಸುವವರನ್ನು ಎಲ್ಲರೂ ಗುರುಗಳು ಎನ್ನುತ್ತಿದ್ದರು. ನಲವತ್ತರ ಆಸುಪಾಸಿನವರು, ಬಿಳಿ ಜುಬ್ಬಾ, ಮಗುವನ್ನು ಮಲಗಿಸುವಾಗ ಮಾತಾಡುವಂಥ ದನಿ. ಬಂದ ಕೂಡಲೇ ನಾವು ನಮ್ಮ ನೋಟ್‌ಬುಕ್ಕಿನಲ್ಲಿ ಆ ದಿನದ ಸಂಕಲ್ಪ ಬರೆಯಬೇಕು. ಒಂದೇ ಪದ. ತಾಳ್ಮೆ, ಮೌನ, ಕೃತಜ್ಞತೆ, ಹೀಗೆ. ಆಮೇಲೆ ಎದೆಯ ಮೇಲೆ ಕೈಯಿಟ್ಟು ಅದನ್ನು ಮೂರು ಸಲ ಹೇಳಿಕೊಳ್ಳಬೇಕು. ಆ ದಿನ ಏನೇ ಮಾಡಿದರೂ ಆ ಪದಕ್ಕೆ ತಕ್ಕ ಹಾಗೆ ಮಾಡಬೇಕು.

ಮೊದಲ ತಿಂಗಳು ನನಗೆ ಒಳ್ಳೆಯದೇ ಆಯಿತು. ಅದನ್ನು ಮುಚ್ಚಿಡುವುದಿಲ್ಲ. ಸಲೀಸಾಗಿ ನಿದ್ದೆ ಬರತೊಡಗಿತು, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿರಲಿಲ್ಲ. ಆದರೆ ಅದರ ಜೊತೆಗೇ ನಾನು ಅಸಹ್ಯ ಹುಟ್ಟಿಸುವಂಥ ಹೆಂಗಸಾಗುತ್ತಿದ್ದೆ. ಮನೆಯಲ್ಲಿ ಇರುವುದು ನಾನು ಮತ್ತು ನಮ್ಮಕ್ಕ. ಅಕ್ಕ ಆಸ್ಪತ್ರೆಯಲ್ಲಿ ನರ್ಸಾಗಿದ್ದು ರಿಟೈರ್ ಆದವಳು. ಅವಳು ಮೀನಿನ ಸಾರು ಮಾಡಿದ ದಿನ ನಾನು ಮೂಗು ಸಿಂಡರಿಸಿಕೊಂಡು, "ಬಾಯಿಗೆ ಏನು ಹಾಕ್ಕೋತಿದ್ದೀಯ ಅನ್ನೋ ಗಮನ ಇಟ್ಟು ತಿನ್ನಬೇಕು" ಎಂದು ಬುದ್ಧಿ ಹೇಳುತ್ತಿದ್ದೆ. ಭಾನುವಾರದ ಪೂಜೆಗೆ ಚರ್ಚಿಗೆ ಅವಳೊಬ್ಬಳೇ ಹೋಗುತ್ತಿದ್ದಳು. ನಾನು ಸಂಜೆ ಹೋಗುತ್ತೇನೆ ಎಂದು ಹೇಳಿ ಹೋಗುತ್ತಿರಲಿಲ್ಲ. ನನ್ನ ಬುದ್ಧಿಮಾತು ಕೇಳಿಸಿಕೊಂಡೇ ಅವಳು ಮೀನಿನ ಮುಳ್ಳು ಬಿಡಿಸಿಕೊಂಡು ಊಟ ಮುಗಿಸಿ ಏಳುತ್ತಿದ್ದಳು.

ಎರಡನೇ ತಿಂಗಳಲ್ಲಿ ಭಾನುವಾರದ ಶುದ್ಧಿ ಶುರುವಾಯಿತು. ಖಾಲಿ ಹೊಟ್ಟೆಯಲ್ಲಿ ಬಿಸಿ ಉಪ್ಪುನೀರು ಆರು ಲೋಟ, ಅದಕ್ಕೂ ವಾಂತಿ ಬರದಿದ್ದರೆ ಎಂಟು ಲೋಟ ಕುಡಿದು ಹಿತ್ತಲಿಗೆ ಹೋಗಿ ಗಂಟಲಿಗೆ ಬೆರಳು ಹಾಕಿ ಕಕ್ಕಬೇಕು. ಹೊಟ್ಟೆಯ ಜೊತೆ ಮನಸ್ಸಿನ ಕಶ್ಮಲವೂ ಹೋಗುತ್ತದೆ ಎಂದರು ಗುರುಗಳು. ಇಪ್ಪತ್ತು ಜನ ನಾವು. ಬ್ಯಾಂಕಿನವರು, ಮೇಷ್ಟ್ರುಗಳು, ಒಬ್ಬ ವಕೀಲರು. ಕಾಂಪೌಂಡಿನ ಪಕ್ಕದ ಮೋರಿಯ ಉದ್ದಕ್ಕೂ ಸಾಲಾಗಿ ಬಗ್ಗಿ ನಿಂತು ಗೊಳಗೊಳ ಎನ್ನುತ್ತಿದ್ದೆವು. ನೊರೆ, ಲೋಳೆ, ಹಿಂದಿನ ರಾತ್ರಿಯ ಅನ್ನದ ಅಗುಳು. ಕೆಲವರಿಗೆ ಗುರಿ ತಪ್ಪಿ ಕಲ್ಲಿನ ಮೇಲೆ, ತುಳಸಿ ಕುಂಡದ ಬುಡಕ್ಕೆ, ತಮ್ಮದೇ ಕಾಲಿನ ಮೇಲೆ. ಮುಗಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದೆವು, ಏನೋ ಸಾಧಿಸಿದವರ ಹಾಗೆ.

ಆಮೇಲೆ ಕೈಕಾಲು ತೊಳೆದು ಹಾಲಿಗೆ ಬಂದು ಕಣ್ಣು ಮುಚ್ಚಿ ಕೂರುವುದು. ನಾವು ಬಿಟ್ಟು ಬಂದದ್ದನ್ನು ಬಳಿಯಲು ಒಬ್ಬ ಹೆಂಗಸು ಬರುತ್ತಿದ್ದಳು. ಕುಂಬಾರಕೊಪ್ಪಲಿನಿಂದ ನಡೆದುಕೊಂಡೇ ಬರುತ್ತಾಳೆ ಎಂದು ಆಮೇಲೆ ತಿಳಿಯಿತು. ಮೊದಲ ಭಾನುವಾರ ನಾನು ಅವಳನ್ನು ಸರಿಯಾಗಿ ನೋಡಿಯೂ ಇರಲಿಲ್ಲ.

ಎರಡನೇ ಭಾನುವಾರ ಮೋರಿ ಕಟ್ಟಿಕೊಂಡಿತು. ನಾನು ಕಿಟಕಿಯ ಪಕ್ಕ ಕೂತಿದ್ದೆ. ಅವಳು ಸೀರೆ ಎತ್ತಿ ಕಟ್ಟಿ, ಕುಕ್ಕರುಗಾಲಲ್ಲಿ ಕೂತು, ಬರಿಗೈಯನ್ನು ಮೊಣಕೈವರೆಗೆ ಮೋರಿಯ ತೂತಿಗೆ ಇಳಿಸಿ ಹಿಡಿಹಿಡಿಯಾಗಿ ಹೊರಗೆ ತೆಗೆಯುತ್ತಿದ್ದಳು. ವಾಸನೆ ಒಳಗೆ ಬಂತು. ಯಾರೋ ಕೆಮ್ಮಿದರು. ಗುರುಗಳು ಕಣ್ಣು ಬಿಡದೆಯೇ, ಅದೇ ಮೆತ್ತನೆಯ ದನಿಯಲ್ಲಿ, "ಕಿಟಕಿ ಹಾಕಿ. ಹೊರಗಿನದು ಒಳಗೆ ಬೇಡ" ಎಂದರು.

ಹತ್ತಿರದಲ್ಲಿದ್ದವಳು ನಾನು. ಎದ್ದು ಕಿಟಕಿ ಹಾಕಿದೆ. ಹಾಕುವಾಗ ಅವಳು ತಲೆಯೆತ್ತಿ ನೋಡಿದಳು. ನಾನು ಚಿಲಕ ಸರಿಸಿ ಬಂದು ಕೂತೆ. ಆ ದಿನ ನನ್ನ ನೋಟ್‌ಬುಕ್ಕಿನಲ್ಲಿ ಬರೆದಿದ್ದ ಪದ ಕರುಣೆ.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಹೇಳಿದರೆ ಹಗುರಾಗುತ್ತದೆ ಅಂದುಕೊಂಡಿದ್ದೆ. ಅವಳು ಬಟ್ಟೆ ಮಡಚುತ್ತಿದ್ದಳು. "ಮೂವತ್ತು ವರ್ಷ ವಾರ್ಡಲ್ಲಿ ವಾಂತಿ ಬಳಿದಿದ್ದೀನಿ. ಒಂದು ದಿನಾನೂ ಅಸಹ್ಯ ಅನ್ನಿಸಲಿಲ್ಲ ಕಣೇ. ಈಗ ನಿನ್ನ ಮಾತು ಕೇಳಿ ಅನ್ನಿಸ್ತಿದೆ" ಎಂದಳು. ದನಿ ಏರಿಸಿ ಹೇಳಲಿಲ್ಲ. ಬಯ್ದಿದ್ದರೆ ನಾನೂ ಎದುರು ಮಾತಾಡಿ ಸುಮ್ಮನಾಗುತ್ತಿದ್ದೆನೇನೋ.

ಅಷ್ಟಾದರೂ ಮೂರನೇ ಭಾನುವಾರ ಹೋದೆ. ಉಪ್ಪುನೀರು ಮಾತ್ರ ಕುಡಿಯಲಿಲ್ಲ. ಆ ಹೆಂಗಸು ಬಲಗೈಯ ತೋರುಬೆರಳಿಗೆ ಹಳೇ ಸೀರೆಯ ಚೂರು ಸುತ್ತಿಕೊಂಡು ಬಂದಿದ್ದಳು. ಬಟ್ಟೆ ಹಳದಿಯಾಗಿ ಬೆರಳಿಗೆ ಅಂಟಿಕೊಂಡಿತ್ತು, ಕೈ ಮಣಿಕಟ್ಟಿನವರೆಗೆ ಊದಿತ್ತು. ಎಲ್ಲರೂ ಹಾಲಿನಲ್ಲಿ ಕೂತ ಮೇಲೆ ನಾನು ಗುರುಗಳ ಹತ್ತಿರ ಹೋಗಿ, "ಆಕೆಗೆ ಗ್ಲೌಸು ಕೊಡಬೇಕಿತ್ತು, ಕೈಯಲ್ಲಿ ಕೀವಾಗಿದೆ" ಎಂದೆ.

ಅವರು ನನ್ನನ್ನು ಬಹಳ ಪ್ರೀತಿಯಿಂದ ನೋಡಿದರು. "ನಿಮ್ಮ ಗಮನ ಹೊರಗೆ ಹೋಗ್ತಾ ಇದೆ. ಅದು ಆಗುತ್ತೆ, ತಪ್ಪೇನಿಲ್ಲ. ಇವತ್ತಿನ ನಿಮ್ಮ ಸಂಕಲ್ಪ ಏನು?"

"ಏನೂ ಬರೆದಿಲ್ಲ."

"ಅದಕ್ಕೇ ಹೀಗಾಗ್ತಿರೋದು" ಎಂದರು. ಎಲ್ಲರೂ ತಲೆದೂಗಿದರು. ನನ್ನನ್ನು ಕರೆತಂದಾಕೆ ಎಲ್ಲರಿಗಿಂತ ಜೋರಾಗಿ ತಲೆದೂಗಿದಳು. ಆ ತೊಳೆದ ಮುಖಗಳನ್ನು ನೋಡಿ, ಅವರ ಹೊಟ್ಟೆಯಿಂದ ಬಂದದ್ದನ್ನು ಕಂಡಾಗ ಆಗದಿದ್ದ ಹೇಸಿಗೆ ನನಗೆ ಆಯಿತು.

ಹಿತ್ತಲಿಗೆ ಹೋಗಿ ಅವಳ ಕೈಯಿಂದ ಪೊರಕೆ ತೆಗೆದುಕೊಂಡೆ. "ಬುಡಿ ಅಮ್ಮ, ನಿಮಗ್ಯಾಕೆ. ಸೀರೆ ಗಲೀಜಾಯ್ತದೆ" ಎಂದಳು. ನಾನು ಬಿಡಲಿಲ್ಲ. ಆದರೆ ಎರಡು ಸಲ ಪೊರಕೆ ಎಳೆಯುವಷ್ಟರಲ್ಲಿ ಅಲ್ಲೇ ಕಕ್ಕಿಬಿಟ್ಟೆ. ನೀರಿಲ್ಲ, ಬೆರಳಿಲ್ಲ, ತಾನಾಗಿಯೇ ಬಂತು. ಅವಳು ನೆಟ್ಟಗಿದ್ದ ಎಡಗೈಯಿಂದ ನನ್ನ ಬೆನ್ನು ತಟ್ಟಿದಳು. ಚೊಂಬಿನಲ್ಲಿ ನೀರು ಕೊಟ್ಟು, "ನಿಮಗೂ ಜಾಸ್ತಿ ಆಗ್ಬುಟ್ಟದಾ?" ಎಂದಳು.

ಅವಳನ್ನು ಆಟೋದಲ್ಲಿ ಮನೆಗೆ ಕರೆತಂದೆ. ಅಕ್ಕ ಇನ್ನೂ ಚರ್ಚಿಗೆ ಹೊರಟಿರಲಿಲ್ಲ. ಬೆರಳು ನೋಡಿದವಳೇ ಕನ್ನಡಕ ಹಾಕಿಕೊಂಡು, ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ನೆನೆಸಿ ಬಿಡಿಸಿದಳು. ಒಳಗೆ ಬೆರಳಿನ ತುದಿ ಹಸಿರುಗಟ್ಟಿತ್ತು. ಡಾಕ್ಟರಿಗೆ ತೋರಿಸಲೇಬೇಕು ಎಂದು ಹೇಳಿ, ಸದ್ಯಕ್ಕೆ ತೊಳೆದು ಕಟ್ಟಿದಳು. ಆ ಹೆಂಗಸು ಹಲ್ಲು ಕಚ್ಚಿಕೊಂಡು ಕೂತಿದ್ದಳು. ಕಟ್ಟಿ ಮುಗಿದ ಮೇಲೆ ನನ್ನ ಕಡೆ ತಿರುಗಿ ಕೇಳಿದಳು.

"ಅಮ್ಮ, ಅವರಿಗೆಲ್ಲ ಏನು ಕಾಯಿಲೆ?"

"ಯಾರಿಗೆ?"

"ಅಲ್ಲಿ ಕಕ್ಕತಾರಲ್ಲ, ಅವರಿಗೆ. ದೊಡ್ಡ ಕಾಯಿಲೆನೇ ಇರಬೇಕು. ನಮ್ಮ ಯಜಮಾನ್ರೂ ಸಾಯೋಕೆ ಮುಂಚೆ ಇಂಗೇ ಕಕ್ಕತಿದ್ರು. ಅದಕ್ಕೇ ನಾನು ಬೇಜಾರು ಮಾಡ್ಕತಿರಲಿಲ್ಲ. ಪಾಪ, ಓದಿರೋರು, ಇಂಗಾಗ್ಬುಟ್ಟದೆ ಅಂತ."

ಅಕ್ಕ ಹತ್ತಿಯ ಉಂಡೆ ಕೈಯಲ್ಲಿ ಹಿಡಿದುಕೊಂಡೇ ನನ್ನನ್ನು ನೋಡಿದಳು. ನಾನೇ ಹೇಳಬೇಕಾಗಿತ್ತು.

"ಯಾರಿಗೂ ಅಂಥ ಕಾಯಿಲೆ ಇಲ್ಲ. ಬೇಕಂತಲೇ ಉಪ್ಪುನೀರು ಕುಡಿದು ಕಕ್ಕೋದು. ಮೈಗೆ ಒಳ್ಳೇದು ಅಂತ."

ಅವಳು ಕಟ್ಟು ಹಾಕಿದ ಬೆರಳನ್ನು ನೋಡಿಕೊಂಡಳು. "ನೀವೂವಾ?" ಎಂದಳು.

"ಹೂಂ. ನಾನೂ."

"ಥೂ" ಎಂದಳು. ಮೆಲ್ಲಗೆ ಅಂದಳು, ಆದರೆ ನನ್ನ ಮುಖ ನೋಡಿಯೇ ಅಂದಳು. ಅಕ್ಕ ಕೊಟ್ಟ ಕಾಫಿ ಕುಡಿದಳು. ನಾನು ಗೇಟಿನವರೆಗೆ ಹೋದರೆ ಹಿಂದಿರುಗಿ ನೋಡಲಿಲ್ಲ.

ಮಾರನೇ ದಿನ ಅಕ್ಕನೇ ಅವಳನ್ನು ಡಾಕ್ಟರಿಗೆ ತೋರಿಸಿದಳು. ಬೆರಳು ಉಳಿಯಿತು, ಉಗುರು ಉಳಿಯಲಿಲ್ಲ. ಅವಳು ಆ ಕೆಲಸ ಬಿಟ್ಟಳು. ಅಕ್ಕನಿಗೆ ಪರಿಚಯವಿದ್ದ ಹೆಣ್ಣುಮಕ್ಕಳ ಹಾಸ್ಟೆಲಿನ ಅಡುಗೆಮನೆಯಲ್ಲಿ ಈಗ ತರಕಾರಿ ಹೆಚ್ಚುತ್ತಾಳೆ. ಅಕ್ಕನ ಜೊತೆ ಫೋನಿನಲ್ಲಿ ಮಾತಾಡುತ್ತಾಳೆ. ನಾನು ಎತ್ತಿಕೊಂಡರೆ, "ಅಕ್ಕಾರು ಇಲ್ವಾ?" ಎಂದಷ್ಟೇ ಕೇಳುತ್ತಾಳೆ.

ನಾನು ಶಿಬಿರಕ್ಕೆ ಮತ್ತೆ ಹೋಗಲಿಲ್ಲ. ಪಕ್ಕದ ಟೇಬಲ್ಲಿನಾಕೆ ಕೆಲವು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ದಳು. ಒಂದು ದಿನ ತಾನಾಗಿಯೇ ತನ್ನ ಫೋನು ತಂದು ಒಂದು ಫೋಟೋ ತೋರಿಸಿದಳು. ಹಿತ್ತಲಿನಲ್ಲಿ ಬೇರೊಬ್ಬ ಹೆಂಗಸು, ಕೈಗೆ ಗುಲಾಬಿ ಬಣ್ಣದ ಗ್ಲೌಸು, ಪಕ್ಕದಲ್ಲಿ ಗುರುಗಳು ಕೈಮುಗಿದು ನಿಂತಿದ್ದಾರೆ. "ನೋಡಿ, ನೀವು ಸುಮ್ಮನೆ ತಪ್ಪು ತಿಳ್ಕೊಂಡ್ರಿ. ಈಗ ಪ್ರತಿ ವಾರ ಅವಳಿಗೆ ಕೃತಜ್ಞತೆ ಹೇಳ್ತೀವಿ" ಎಂದಳು. ಆ ಹೆಂಗಸು ಕ್ಯಾಮೆರಾ ಕಡೆ ನೋಡುತ್ತಿರಲಿಲ್ಲ, ಬಕೆಟ್ಟಿನ ಕಡೆ ನೋಡುತ್ತಿದ್ದಳು. ನಾನು ಫೋನು ವಾಪಸು ಕೊಟ್ಟು ಕ್ಯಾಂಟೀನಿಗೆ ಹೋಗಿ ಕೂತೆ. ಅರ್ಧ ಗಂಟೆಯಾದರೂ ಬಾಯಿಗೆ ಏನೂ ಹಾಕಿಕೊಳ್ಳಲು ಆಗಲಿಲ್ಲ.

ಸಕ್ಕರೆಗೆ ಈಗ ಮಾತ್ರೆ ತೆಗೆದುಕೊಳ್ಳುತ್ತೇನೆ. ಬೆಳಿಗ್ಗೆ ಅಕ್ಕನ ಜೊತೆ ಒಂದು ಗಂಟೆ ನಡೆಯುತ್ತೇನೆ. ಅವಳ ಮಂಡಿ ನೋವು ನೋಡಿಕೊಂಡು ನಿಧಾನವಾಗಿ ನಡೆಯಬೇಕು. ದಾರಿಯಲ್ಲಿ ಅವಳು ಬದನೆಕಾಯಿ ವಿಷಯ, ಬೀದಿ ನಾಯಿ ವಿಷಯ ಮಾತಾಡುತ್ತಾಳೆ. ಯಾವುದಕ್ಕೂ ಗಮನ ಇಡು ಎಂದು ಯಾರೂ ನನಗೆ ಹೇಳುವುದಿಲ್ಲ.